ಯಂತ್ರ ಉಗುಳಿದ್ದನ್ನು ಹೆಕ್ಕುವವರು: ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ಘಟಕದ ಪ್ರಕರಣ ಅಧ್ಯಯನ

ಚಿಕ್ಕಮಗಳೂರು ತಾಲ್ಲೂಕಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಫಿ ಬೇಳೆಯಲ್ಲಿ ಕೆಟ್ಟದ್ದನ್ನು ಆರಿಸಿ ತೆಗೆಯುವ ಮಹಿಳೆಯರಿಗೆ ಕೆಲಸದ ಮೇಲಿದ್ದ ಆಸ್ಥೆ ಎರಡು ಹಂಗಾಮುಗಳಲ್ಲಿ ಕಣ್ಣಿಗೆ ಕಾಣುವಷ್ಟು ಕುಸಿಯಿತು. ಅದನ್ನು ಮತ್ತೆ ಚಿಗುರಿಸಲು ಆಡಳಿತ ಏನೇನು ಮಾಡಿತು, ಅದರಲ್ಲಿ ಯಾವುದು ಕೈಕೊಟ್ಟಿತು, ಯಾವುದು ಕೈಹಿಡಿಯಿತು ಎಂಬುದನ್ನು ಇಲ್ಲಿ ದಾಖಲಿಸಲಾಗಿದೆ. ಘಟಕದ ಹೆಸರು, ಊರು ಮತ್ತು ಕೆಲವು ವಿವರಗಳನ್ನು ಗುರುತು ಸಿಗದಂತೆ ಬದಲಿಸಲಾಗಿದೆ; ಅದೇ ಕಾರಣಕ್ಕೆ ಕೂಲಿ ಮತ್ತು ವಹಿವಾಟಿನ ಅಂಕಿಗಳನ್ನು ಕೊಟ್ಟಿಲ್ಲ. ನಾನು ಹೊರಗಿನ ಸಲಹೆಗಾರನಾಗಿ ಮಾಲೀಕರ ಕೋರಿಕೆಯ ಮೇರೆಗೆ ಈ ಪ್ರಕರಣದಲ್ಲಿ ತೊಡಗಿಕೊಂಡವನು.

ಹಿನ್ನೆಲೆ

ಕಾಫಿ ತೋಟದಿಂದ ಬರುವ ಸರಕು ಎರಡು ಬಗೆಯದು. ಹಣ್ಣನ್ನು ಪಲ್ಪ್ ಮಾಡಿ, ಅಂದರೆ ಹೊರಸಿಪ್ಪೆ ಸುಲಿದು, ತೊಳೆದು ಒಣಗಿಸಿದ್ದು ಪಾರ್ಚ್‌ಮೆಂಟ್. ಹಣ್ಣಾಗಿಯೇ ಕಣದಲ್ಲಿ ಒಣಗಿಸಿದ್ದು ಚೆರಿ. ಇವೆರಡರ ಸಿಪ್ಪೆ ತೆಗೆದು, ಪಾಲಿಶ್ ಮಾಡಿ, ಜರಡಿಯಲ್ಲಿ ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಿ, ಕೆಟ್ಟ ಬೇಳೆಗಳನ್ನು ಆರಿಸಿ, ಚೀಲಕ್ಕೆ ತುಂಬುವುದು ಕ್ಯೂರಿಂಗ್ ವರ್ಕ್ಸ್‌ನ ಕೆಲಸ. ತೊಳೆದ ಅರೇಬಿಕಾ ಜಾತಿಯ ಕಾಫಿಯಲ್ಲಿ 7.10 ಮಿಲಿಮೀಟರ್ ಜರಡಿಯ ಮೇಲೆ ನಿಂತದ್ದು ಎಎ, 6.65ರ ಮೇಲೆ ನಿಂತದ್ದು ಎ ದರ್ಜೆ, ಹೀಗೆ. ಗಾತ್ರವನ್ನು ಜರಡಿ ಅಳೆಯುತ್ತದೆ. ಆದರೆ ಕಪ್ಪು ಬೇಳೆ, ಒಡಕು, ಕಾಯಿಕೊರಕ ಹುಳು ತೂತು ಮಾಡಿದ ಬೇಳೆ, ಬಣ್ಣಗೆಟ್ಟದ್ದು, ಹುಳಿತು ನಾತ ಹಿಡಿದದ್ದು, ಇವನ್ನೆಲ್ಲ ಕಂಡು ಹಿಡಿದು ತೆಗೆಯುತ್ತಿದ್ದುದು ಹೆಂಗಸರ ಕಣ್ಣು ಮತ್ತು ಬೆರಳು. ಈ ವಿಭಾಗವನ್ನು ಎಲ್ಲರೂ ಗಾರ್ಬ್ಲಿಂಗ್ ಎಂದೇ ಕರೆಯುತ್ತಾರೆ.

ಘಟಕ ಆರಂಭವಾದದ್ದು ಕಾಫಿ ಮಂಡಳಿಯ ಪೂಲ್ ವ್ಯವಸ್ಥೆಯ ಕಾಲದಲ್ಲಿ. 1942ರ ಕಾಫಿ ಕಾಯ್ದೆಯಡಿ ಬೆಳೆಗಾರರು ತಮ್ಮ ಕಾಫಿಯನ್ನು ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಿತ್ತು. ಕ್ಯೂರಿಂಗ್ ವರ್ಕ್ಸ್‌ಗಳು ಮಂಡಳಿಯ ಪರವಾಗಿ ಅದನ್ನು ಪಡೆದು ಸಂಸ್ಕರಿಸುತ್ತಿದ್ದವು. 1990ರ ದಶಕದ ಆರಂಭದಿಂದ ಈ ಕಟ್ಟು ಹಂತಹಂತವಾಗಿ ಸಡಿಲವಾಗಿ, 1996ರ ಹೊತ್ತಿಗೆ ಬೆಳೆಗಾರ ತನ್ನ ಇಡೀ ಫಸಲನ್ನು ತನಗೆ ಬೇಕಾದವರಿಗೆ ಮಾರುವ ಸ್ಥಿತಿ ಬಂತು. ಅಲ್ಲಿಂದಾಚೆಗೆ ರಫ್ತುದಾರರ ಅಪೇಕ್ಷೆಗೆ ತಕ್ಕ ಸರಕು ಕೊಡಲಾರದ ಘಟಕ ಉಳಿಯುವಂತಿರಲಿಲ್ಲ. ನಮ್ಮ ಘಟಕ ಉಳಿಯಿತು, ಮತ್ತು ಉಳಿದದ್ದು ಬಹುಮಟ್ಟಿಗೆ ಅದರ ಆರಿಸುವ ಮನೆಯ ಹೆಸರಿನಿಂದ. ಹಂಗಾಮಿನಲ್ಲಿ ನೂರರ ಆಸುಪಾಸಿನಲ್ಲಿ ಮಹಿಳೆಯರು ಅಲ್ಲಿ ಸಾಲಾಗಿ ಕೂತು ಕೆಲಸ ಮಾಡುತ್ತಿದ್ದರು. ಅತ್ತೆಯ ಪಕ್ಕದಲ್ಲಿ ಸೊಸೆ ಕೂತು ಕಲಿತ ಕುಟುಂಬಗಳೂ ಇದ್ದವು. ಜನವರಿಯಿಂದ ಮಳೆಗಾಲದ ತನಕ ಕೆಲಸ, ಆಮೇಲೆ ಬಿಡುವು; ಮುಂದಿನ ಹಂಗಾಮಿಗೆ ಹೇಳಿ ಕಳುಹಿಸುವ ಅಗತ್ಯವೂ ಇಲ್ಲದೆ ಅವರೇ ಬರುತ್ತಿದ್ದರು.

ತಂದೆಯಿಂದ ಆಡಳಿತ ವಹಿಸಿಕೊಂಡ ಮಗ ಕಲರ್ ಸಾರ್ಟರ್ ಯಂತ್ರ ತಂದರು. ಅದು ತಪ್ಪು ನಿರ್ಧಾರವೆಂದು ನಾನು ಎಂದೂ ಭಾವಿಸಲಿಲ್ಲ. ಕ್ಯಾಮೆರಾದ ಮುಂದೆ ಹರಿದು ಬೀಳುವ ಬೇಳೆಗಳಲ್ಲಿ ಬಣ್ಣ ಕೆಟ್ಟದ್ದನ್ನು ಗುರುತಿಸಿ, ಗಾಳಿಯ ಹೊಡೆತದಿಂದ ಪಕ್ಕಕ್ಕೆ ಚಿಮ್ಮಿಸುವ ಈ ಯಂತ್ರದ ವೇಗಕ್ಕೆ ಯಾವ ಕೈಯೂ ಸಮನಲ್ಲ. ಆದರೆ ಅದು ಎಸೆದ ರಾಶಿಯಲ್ಲಿ ಒಳ್ಳೆಯ ಬೇಳೆಯೂ ಸೇರಿರುತ್ತದೆ. ಅದು ಉತ್ತಮವೆಂದು ಬಿಟ್ಟ ರಾಶಿಯಲ್ಲಿ ಕೆಟ್ಟದ್ದು ಉಳಿದಿರುತ್ತದೆ, ಅದರಲ್ಲೂ ಬಣ್ಣದಲ್ಲಿ ಅಷ್ಟಾಗಿ ವ್ಯತ್ಯಾಸ ತೋರದ ನಾತದ ಬೇಳೆ. ಆದ್ದರಿಂದ ಮಹಿಳೆಯರ ಅಗತ್ಯ ಪೂರ್ತಿ ತಪ್ಪಲಿಲ್ಲ. ನೂರು ಜನರ ಬದಲು ಅರ್ಧದಷ್ಟು ಜನ ಸಾಕಾದರು. ಯಾರನ್ನೂ ಬಲವಂತವಾಗಿ ಬಿಡಿಸದೆ, ವಯಸ್ಸಾದವರು ತಾವಾಗಿ ನಿಂತ ಜಾಗಕ್ಕೆ ಹೊಸಬರನ್ನು ತೆಗೆದುಕೊಳ್ಳದೆ ಆ ಸಂಖ್ಯೆಗೆ ಇಳಿಸಿದ್ದು ಮಾಲೀಕರ ಒಳ್ಳೆಯತನ.

ಸಮಸ್ಯೆ

ಯಂತ್ರ ಬಂದ ಎರಡನೆಯ ಹಂಗಾಮಿನಲ್ಲಿ ತೊಡಕು ಬೆಳಕಿಗೆ ಬಂತು. ಬಟವಾಡೆಯ ಮಾರನೆಯ ದಿನ ಹಾಜರಿ ಅರ್ಧಕ್ಕೆ ಇಳಿಯುತ್ತಿತ್ತು. ಮಧ್ಯಾಹ್ನದ ಊಟದ ನಂತರ ಕೈಗಳು ನಿಧಾನವಾಗುತ್ತಿದ್ದವು. ಮೇಸ್ತ್ರಿ ಎದುರಿಗಿದ್ದಾಗ ಕೆಲಸ, ಬೆನ್ನು ತಿರುಗಿಸಿದಾಗ ಹರಟೆ. ರಫ್ತುದಾರರೊಬ್ಬರು ಒಂದು ಲಾಟಿನ (ಒಟ್ಟಿಗೆ ಸಂಸ್ಕರಿಸಿದ ಒಂದು ಕಂತು ಸರಕಿನ) ಮಾದರಿಯನ್ನು ರುಚಿ ಪರೀಕ್ಷೆಯಲ್ಲಿ ತಿರಸ್ಕರಿಸಿ, ಇಡೀ ಲಾಟನ್ನು ಮರು ಆರಿಸಲು ವಾಪಸು ಕಳುಹಿಸಿದಾಗ ಮಾಲೀಕರು ನಿಜವಾಗಿ ಗಾಬರಿಯಾದರು.

ಆಫೀಸಿನಲ್ಲಿ ಇದಕ್ಕೆ ಸಿದ್ಧವಾದ ವಿವರಣೆಯೊಂದಿತ್ತು. ಸರ್ಕಾರ ಬಸ್ಸು ಬಿಟ್ಟಿ ಮಾಡಿದೆ, ತಿಂಗಳಿಗೆ 2,000 ರೂಪಾಯಿ ಖಾತೆಗೆ ಹಾಕುತ್ತದೆ, ಇನ್ನು ಯಾರಿಗೆ ಕೆಲಸ ಬೇಕು ಎಂದು ಲೆಕ್ಕ ಬರೆಯುವ ರೈಟರು ಹೇಳುತ್ತಿದ್ದರು, ಮೇಸ್ತ್ರಿ ತಲೆಯಾಡಿಸುತ್ತಿದ್ದರು. ಜಿಲ್ಲೆಯ ಯಾವ ತೋಟಕ್ಕೆ ಹೋದರೂ ಕೇಳಿಬರುವ ಮಾತಿದು. ಹಾಸನದ ಗಾರ್ಮೆಂಟ್ಸ್ ಕಾರ್ಖಾನೆಗಳು ವರ್ಷವಿಡೀ ಕೆಲಸ ಕೊಡುತ್ತವೆ, ಉಚಿತ ಬಸ್ಸಿನಲ್ಲಿ ಅಲ್ಲಿಗೆ ಹೋಗಿಬರುವುದು ಸುಲಭವಾಗಿದೆ ಎಂಬ ಅದರ ಉತ್ತರಾರ್ಧದಲ್ಲಿ ಸತ್ಯಾಂಶವೂ ಇದೆ.

ನಾನು ಮೊದಲು ಮಾಡಿದ ಕೆಲಸ ಹಾಜರಿ ಪುಸ್ತಕವನ್ನು ಕೂತು ಓದಿದ್ದು. ಶಕ್ತಿ ಯೋಜನೆ ಜಾರಿಗೆ ಬಂದದ್ದು 2023ರ ಜೂನ್ 11ರಂದು. ಗೃಹಲಕ್ಷ್ಮಿಯ ಹಣ ಬರತೊಡಗಿದ್ದು ಅದೇ ವರ್ಷದ ಆಗಸ್ಟ್ ಕೊನೆಯಲ್ಲಿ. ಆದರೆ ಗೈರುಹಾಜರಿ ಏರತೊಡಗಿದ್ದು ಅದಕ್ಕೂ ಹಿಂದಿನ ಹಂಗಾಮಿನಲ್ಲಿ. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ಪುಸ್ತಕದಲ್ಲಿತ್ತು. ಬಿಟ್ಟು ಹೋದವರಲ್ಲಿ ಹೆಚ್ಚಿನವರು ಹೊಸಬರಲ್ಲ, ಹತ್ತು ವರ್ಷಕ್ಕೂ ಮೇಲ್ಪಟ್ಟು ಕೂತು ಕೈ ಪಳಗಿಸಿಕೊಂಡವರು. ಸೋಮಾರಿತನವೇ ಕಾರಣವಾಗಿದ್ದರೆ ಅತ್ಯಂತ ನುರಿತವರು ಮೊದಲು ಎದ್ದು ಹೋಗುವುದೇಕೆ? ಈ ಪ್ರಶ್ನೆಯನ್ನು ಮಾಲೀಕರು ಗಂಭೀರವಾಗಿ ತೆಗೆದುಕೊಂಡದ್ದರಿಂದಲೇ ಮುಂದಿನದೆಲ್ಲ ಸಾಧ್ಯವಾಯಿತು. ಆದರೆ ಅಲ್ಲಿಗೆ ತಲುಪುವ ಮುನ್ನ ಅವರು ತಾವಾಗಿಯೇ ಮೂರು ಉಪಾಯಗಳನ್ನು ಮಾಡಿ ನೋಡಿದ್ದರು.

ಮೊದಲ ಪ್ರಯತ್ನಗಳು

ಮೊದಲನೆಯದು ಚೀಲದ ಲೆಕ್ಕದ ಪ್ರೋತ್ಸಾಹಧನ. ದಿನಗೂಲಿಯ ಮೇಲೆ, ನಿಗದಿಗಿಂತ ಹೆಚ್ಚು ಆರಿಸಿದವರಿಗೆ ಹೆಚ್ಚುವರಿ ಹಣ. ಮೊದಲ ಎರಡು ವಾರ ವೇಗ ಏರಿತು, ಆಮೇಲೆ ಜಗಳ ಶುರುವಾಯಿತು. ಒಳ್ಳೆಯ ತೋಟದ ಪಾರ್ಚ್‌ಮೆಂಟ್ ಲಾಟು ಸಿಕ್ಕವರಿಗೆ ಚೀಲ ಸಲೀಸಾಗಿ ತುಂಬುತ್ತಿತ್ತು. ಕಾಯಿಕೊರಕ ಹೊಡೆದ, ಮಳೆಗೆ ಸಿಕ್ಕಿ ಒಣಗಿದ ರೊಬಸ್ಟಾ ಚೆರಿ ಬಂದವರಿಗೆ ಅದರ ಎರಡು ಪಟ್ಟು ಹೊತ್ತು ಹಿಡಿಯುತ್ತಿತ್ತು. ಯಾವ ಲಾಟು ಯಾರಿಗೆ ಎಂದು ಹಂಚುತ್ತಿದ್ದವರು ಮೇಸ್ತ್ರಿ. ಹಾಗಾಗಿ ಪ್ರೋತ್ಸಾಹಧನ ಮಹಿಳೆಯರ ಕೈಚಳಕಕ್ಕಿಂತ ಮೇಸ್ತ್ರಿಯ ಕೃಪೆಯನ್ನು ಅಳೆಯತೊಡಗಿತು. ವಾಪಸು ಬಂದ ಲಾಟು ಆರಿಸಿದ್ದು ಇದೇ ಅವಧಿಯಲ್ಲಿ ಎಂಬುದನ್ನು ಆಡಳಿತ ಬಹಳ ತಡವಾಗಿ ಗಮನಿಸಿತು.

ಎರಡನೆಯದು ತಿಂಗಳ ಉತ್ತಮ ಕೆಲಸಗಾರ್ತಿ ಎಂಬ ಬಹುಮಾನ. ನೋಟಿಸ್ ಬೋರ್ಡಿನಲ್ಲಿ ಫೋಟೊ, ಕೈಗೊಂದು ಸ್ಟೀಲ್ ಹಾಟ್‌ಬಾಕ್ಸ್. ಮೊದಲ ಬಹುಮಾನ ಮೇಸ್ತ್ರಿಯ ಸಂಬಂಧಿಯೊಬ್ಬರಿಗೆ ಹೋಯಿತು. ಅದು ನ್ಯಾಯವಾಗಿಯೇ ಸಿಕ್ಕಿದ್ದರೂ ಇರಬಹುದು, ಯಾರೂ ನಂಬಲಿಲ್ಲ. ಎರಡನೆಯ ತಿಂಗಳು ಆಯ್ಕೆಯಾದವರು ತಮ್ಮ ಫೋಟೊ ತೆಗೆಸಿಹಾಕುವಂತೆ ಆಫೀಸಿಗೆ ಬಂದು ಕೇಳಿಕೊಂಡರು. ಪಕ್ಕದಲ್ಲಿ ಕೂತವರ ಚುಚ್ಚುಮಾತು ತಡೆಯಲು ಅವರಿಂದಾಗಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಭುಜಕ್ಕೆ ಭುಜ ತಾಗಿಸಿ ಕೂತು ದುಡಿಯುವವರಲ್ಲಿ ಒಬ್ಬರನ್ನು ಎತ್ತಿ ಗೋಡೆಗೆ ಅಂಟಿಸಿದರೆ ಆಗುವುದೇ ಇದು.

ಮೂರನೆಯದು ಬೆಂಗಳೂರಿನಿಂದ ತರಬೇತುದಾರರನ್ನು ಕರೆಸಿ ನಡೆಸಿದ ಅರ್ಧ ದಿನದ ಪ್ರೇರಣಾ ಶಿಬಿರ. ಬಲೂನು ಊದುವ ಆಟ, ಚಪ್ಪಾಳೆ, ಗುರಿ ಸಾಧಿಸಿದವರ ಕಥೆಗಳು. ಕೊನೆಗೆ ಪ್ರಶ್ನೆಗಳಿವೆಯೇ ಎಂದು ಕೇಳಿದಾಗ ಹಿಂದಿನ ಸಾಲಿನಿಂದ ಒಬ್ಬರು ಎದ್ದು, "ಸಾರ್, ಇವತ್ತು ಮಧ್ಯಾಹ್ನದ್ದು ಚೀಲದ ಲೆಕ್ಕಕ್ಕೆ ಹಿಡೀತೀರೋ ಇಲ್ವೋ?" ಎಂದು ಕೇಳಿದರು. ಸಭೆ ಗೊಳ್ಳೆಂದು ನಕ್ಕಿತು. ಆ ಪ್ರಶ್ನೆಗೆ ಉತ್ತರ ಯಾರ ಬಳಿಯೂ ಇರಲಿಲ್ಲ, ಏಕೆಂದರೆ ಆ ಬಗ್ಗೆ ಯಾರೂ ಯೋಚಿಸಿರಲಿಲ್ಲ.

ತಿರುವು

ನಾನು ಬಂದ ಮೇಲೆ ಮಾಲೀಕರಿಗೆ ಇಟ್ಟ ಮೊದಲ ಸಲಹೆ, ಇರುವವರನ್ನು ಕೇಳುವ ಮೊದಲು ಬಿಟ್ಟು ಹೋದವರನ್ನು ಕೇಳೋಣ ಎಂಬುದು. ಕೂಲಿ ಕೊಡುವವರ ಎದುರು ಬಿಚ್ಚುಮನಸ್ಸಿನಿಂದ ಮಾತಾಡುವುದು ಯಾರಿಗೂ ಸುಲಭವಲ್ಲ. ಬಿಟ್ಟವರಿಗೆ ಆ ಮುಲಾಜಿಲ್ಲ. ಅವರ ಮನೆಗಳಿಗೆ ಹೋಗಿ ಕೂತು ಮಾತಾಡಿದಾಗ ದೂರುಗಳು ಎರಡು ಪದರದಲ್ಲಿ ಬಂದವು.

ಮೇಲಿನ ಪದರದ್ದು ಸೌಕರ್ಯಗಳ ಮಾತು. ಯಂತ್ರ ಬಂದ ಮೇಲೆ ಆರಿಸುವ ಮನೆಯ ಅರ್ಧ ಭಾಗದ ಟ್ಯೂಬ್‌ಲೈಟುಗಳನ್ನು ನಂದಿಸಲಾಗಿತ್ತು. ಉಳಿದವರು ಕೂರುವ ಜಾಗದಲ್ಲೂ ಬೆಳಕು ಸಾಲದೆ ಸಂಜೆಯ ಹೊತ್ತಿಗೆ ಕಣ್ಣು ಉರಿಯುತ್ತಿತ್ತು. ಮೂವತ್ತಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವಲ್ಲಿ ಶಿಶುಪಾಲನಾ ಕೋಣೆ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆ ಹೇಳುತ್ತಿತ್ತು; ಕೋಣೆಯೇನೋ ಇತ್ತು, ಆದರೆ ಅದರಲ್ಲಿ ಖಾಲಿ ಗೋಣಿಚೀಲಗಳನ್ನು ಪೇರಿಸಲಾಗಿತ್ತು. ಪಿಎಫ್‌ಗೆಂದು ಶೇಕಡಾ 12 ಕಡಿತವಾಗುತ್ತಿತ್ತಾದರೂ ಆಧಾರ್‌ನಲ್ಲಿರುವ ಹೆಸರಿಗೂ ಪಿಎಫ್ ಖಾತೆಯ ಹೆಸರಿಗೂ ತಾಳೆಯಾಗದೆ ಹಲವರಿಗೆ ತಮ್ಮ ಹಣ ಎಷ್ಟಿದೆಯೆಂದೇ ತಿಳಿದಿರಲಿಲ್ಲ.

ಒಳಗಿನ ಪದರ ಬೇರೆಯೇ. ಹದಿನಾಲ್ಕು ಹಂಗಾಮು ದುಡಿದು ಬಿಟ್ಟ ಒಬ್ಬರು ಚಹಾ ಕೊಡುತ್ತಾ ಹೇಳಿದ ಮಾತನ್ನು ಹಾಗೆಯೇ ಬರೆದುಕೊಂಡಿದ್ದೇನೆ: "ಮುಂಚೆ ಕಾಫಿ ಮುಂದೆ ಸುರಿದ್ರೆ ಇದು ಯಾವ ಕಡೆ ತೋಟದ್ದು, ಒಣಗಿದ್ದು ಸರಿಯಾಗಿದ್ಯಾ ಅಂತ ಹೇಳ್ತಿದ್ದೆ. ದೊಡ್ಡ ಸಾಹುಕಾರ್ರೂ ಬಂದು ಕೇಳ್ತಿದ್ರು, ಏನಮ್ಮಾ ಈ ಲಾಟು ಹೆಂಗೆ ಅಂತ. ಈಗ ಮೆಷಿನ್ ಉಗುಳಿದ್ದನ್ನ ಹೆಕ್ಕದಷ್ಟೇ. ಅದಕ್ಕೆ ನಾನೇ ಯಾಕ್ ಬೇಕು?"

ಪ್ರಕರಣದ ತಿರುಳು ಇಲ್ಲಿದೆ ಎಂದು ನನ್ನ ಅಭಿಪ್ರಾಯ. ಯಂತ್ರ ಕಿತ್ತುಕೊಂಡದ್ದು ಅವರ ಶ್ರಮವನ್ನಲ್ಲ, ಅವರ ತೀರ್ಮಾನವನ್ನು. ಹಿಂದೆ ಒಂದು ಲಾಟು ಆರಂಭದಿಂದ ಕೊನೆಯವರೆಗೆ ಒಂದೇ ಸಾಲಿನ ಮುಂದೆ ಸಾಗುತ್ತಿತ್ತು. ಯಾವುದನ್ನು ಬಿಡಬೇಕು, ಯಾವುದನ್ನು ತೆಗೆಯಬೇಕು ಎಂಬುದನ್ನು ನಿಮಿಷಕ್ಕೆ ನೂರಾರು ಸಲ ಅವರೇ ನಿರ್ಧರಿಸುತ್ತಿದ್ದರು. ಈಗ ಹಲವು ಲಾಟುಗಳ ತಿರಸ್ಕೃತ ರಾಶಿ ಬೆರೆತು ಬರುತ್ತಿತ್ತು. ಯಂತ್ರದ ಸೂಕ್ಷ್ಮತೆಯನ್ನು ಎಷ್ಟಕ್ಕೆ ಇಡಬೇಕೆಂಬುದು ಆಪರೇಟರ್ ಹುಡುಗನ ಕೈಯಲ್ಲಿತ್ತು. ತಾವು ಆರಿಸಿದ್ದು ಸರಿಯಾಯಿತೋ ಕೆಟ್ಟಿತೋ ಎಂಬ ಸುದ್ದಿ ಅವರಿಗೆ ತಲುಪುತ್ತಲೇ ಇರಲಿಲ್ಲ. ರಫ್ತುದಾರರು ಲಾಟು ವಾಪಸು ಕಳುಹಿಸಿದ್ದು ಕೂಡ ಬೈಗುಳದ ರೂಪದಲ್ಲಿ ಮಾತ್ರ ಅವರನ್ನು ಮುಟ್ಟಿತ್ತು.

ಆಡಳಿತಶಾಸ್ತ್ರ ಓದಿದವರಿಗೆ ಇದು ಪರಿಚಿತ ಚಿತ್ರ. ಹ್ಯಾಕ್‌ಮನ್ ಮತ್ತು ಓಲ್ಡ್‌ಹ್ಯಾಮ್ 1970ರ ದಶಕದಲ್ಲಿ ಮಂಡಿಸಿದ ಮಾದರಿಯಲ್ಲಿ, ಕೆಲಸವೊಂದು ತಾನಾಗಿಯೇ ಮನುಷ್ಯನನ್ನು ಹಿಡಿದಿಡಲು ಐದು ಗುಣಗಳು ಬೇಕು: ಹಲವು ಕೌಶಲಗಳಿಗೆ ಅವಕಾಶ, ಒಂದು ಇಡೀ ಕೆಲಸ ಮಾಡಿದೆನೆಂಬ ಗುರುತು, ಅದರಿಂದ ಬೇರೆಯವರಿಗೆ ಏನೋ ಆಗುತ್ತದೆಂಬ ಮಹತ್ವ, ತನ್ನ ವಿವೇಚನೆಗೆ ಜಾಗ, ಮತ್ತು ಫಲಿತಾಂಶದ ತಿಳಿವಳಿಕೆ. ಯಂತ್ರ ಬಂದ ರೀತಿಯಲ್ಲಿ ಈ ಐದೂ ಒಟ್ಟಿಗೆ ಹೋಗಿದ್ದವು. ಕೂಲಿ, ಬೆಳಕು, ಕೋಣೆಯಂಥವು ಕೆಟ್ಟರೆ ಅಸಮಾಧಾನ ಹುಟ್ಟುತ್ತದೆ, ಆದರೆ ಅವು ಸರಿಯಾದ ಮಾತ್ರಕ್ಕೆ ಹುರುಪು ಹುಟ್ಟುವುದಿಲ್ಲ ಎಂದು 1959ರಲ್ಲೇ ಹರ್ಜ್‌ಬರ್ಗ್ ವಾದಿಸಿದ್ದರು. ಅವರ ಅಧ್ಯಯನ ನಡೆದದ್ದು ಅಮೆರಿಕದ ಪಿಟ್ಸ್‌ಬರ್ಗ್ ಪ್ರದೇಶದ ಎಂಜಿನಿಯರುಗಳು ಮತ್ತು ಅಕೌಂಟೆಂಟರ ನಡುವೆ. ಅದನ್ನು ಮಲೆನಾಡಿನ ದಿನಗೂಲಿ ಮಹಿಳೆಯರಿಗೆ ಕಣ್ಣು ಮುಚ್ಚಿ ಅನ್ವಯಿಸಲಾಗದು. ಸ್ವಸಹಾಯ ಸಂಘದ ಸಾಲದ ಕಂತು ಕಟ್ಟಬೇಕಾದವರಿಗೆ ಕೂಲಿಯೇ ಮೊದಲು. ಆದರೂ ಎರಡು ಪದರಗಳನ್ನು ಬೇರೆಬೇರೆಯಾಗಿ ನೋಡಬೇಕೆಂಬ ಮಟ್ಟಿಗೆ ಅದು ನಮಗೆ ಉಪಯೋಗಕ್ಕೆ ಬಂತು.

ಕೈಗೊಂಡ ಬದಲಾವಣೆಗಳು

ಮೇಲಿನ ಪದರವನ್ನು ಹಂಗಾಮು ಶುರುವಾಗುವ ಮೊದಲೇ ಮುಗಿಸಲಾಯಿತು. ದೀಪಗಳು ಹತ್ತಿದವು, ಗೋಣಿಚೀಲಗಳು ಗೋದಾಮಿಗೆ ಹೋದವು, ರೈಟರು ಆಧಾರ್ ತಿದ್ದುಪಡಿಗಾಗಿ ಮಹಿಳೆಯರ ಜೊತೆ ಸೇವಾ ಕೇಂದ್ರಕ್ಕೆ ಅಲೆದು ಪಿಎಫ್ ಖಾತೆಗಳನ್ನು ಸರಿಪಡಿಸಿದರು. ವರ್ಷಕ್ಕೆ 30 ದಿನ ದುಡಿದವರಿಗೂ 1965ರ ಬೋನಸ್ ಕಾಯ್ದೆಯಡಿ ಕನಿಷ್ಠ ಶೇಕಡಾ 8.33 ಬೋನಸ್ ಸಲ್ಲುತ್ತಿತ್ತು. ಅದನ್ನು ಹಬ್ಬದ ಉಡುಗೊರೆಯೆಂಬಂತೆ ಕೊಡುವ ರೂಢಿ ಬಿಟ್ಟು, ಲೆಕ್ಕದ ಚೀಟಿಯೊಂದಿಗೆ ಕೊಡುವುದೆಂದು ತೀರ್ಮಾನವಾಯಿತು. ಇದರಿಂದ ಯಾರೂ ಹೆಚ್ಚು ಉತ್ಸಾಹಗೊಂಡಂತೆ ಕಾಣಲಿಲ್ಲ. ಆದರೆ ಮಾತುಕತೆಗೆ ಕೂರಲು ಜನ ಒಪ್ಪಿದರು.

ಒಳಪದರಕ್ಕೆ ಬಂದಾಗ ಮೊದಲು ಮಾಡಿದ್ದು ಚೀಲದ ಲೆಕ್ಕವನ್ನು ರದ್ದುಪಡಿಸಿ, ಅದರಲ್ಲಿ ಸರಾಸರಿ ಸಿಗುತ್ತಿದ್ದಷ್ಟನ್ನು ದಿನಗೂಲಿಗೇ ಸೇರಿಸಿದ್ದು. ಎಂಟೆಂಟು ಜನರ ಮೇಜುಗಳಾದವು. ಒಂದು ಲಾಟಿನ ತಿರಸ್ಕೃತ ರಾಶಿಯೂ ಅದೇ ಲಾಟಿನ ಅಂತಿಮ ಪರಿಶೀಲನೆಯೂ ಒಂದೇ ಮೇಜಿಗೆ ಹೋಗುವಂತೆ ಸಾಲನ್ನು ಬದಲಿಸಲಾಯಿತು. ಪ್ರತಿ ಲಾಟಿನ ಜೊತೆ ಒಂದು ಕಾರ್ಡು: ತೋಟದ ಸಂಕೇತ, ಪಾರ್ಚ್‌ಮೆಂಟೋ ಚೆರಿಯೋ, ಯಾವ ದರ್ಜೆ, ಯಾವ ದೋಷ ಹೆಚ್ಚು ಕಂಡಿದೆ, ಕೊಳ್ಳುವವರು ಏನು ಹೇಳಿದರು. ಕೊನೆಯ ಸಾಲು ಮೊದಲಿಗೆ ಖಾಲಿಯಿರುತ್ತಿತ್ತು. ರಫ್ತುದಾರರ ವರದಿ ಬಂದ ಮೇಲೆ ಅದನ್ನು ತುಂಬಿ ಕಾರ್ಡನ್ನು ಅದೇ ಮೇಜಿಗೆ ವಾಪಸು ಕೊಡಲಾಗುತ್ತಿತ್ತು.

ಹೆಚ್ಚು ಚರ್ಚೆಯಾದದ್ದು ಮುಂದಿನ ಅಂಶ. ಯಂತ್ರದಿಂದ ಹೊರಬಂದ ಉತ್ತಮ ರಾಶಿಯಿಂದ ಮೇಜಿನ ಹಿರಿಯರೊಬ್ಬರು ಮಾದರಿ ತೆಗೆದು ತಟ್ಟೆಗೆ ಹರಡಿ ದೋಷ ಎಣಿಸುವುದು. ಹೆಚ್ಚೆನಿಸಿದರೆ ಕಾರ್ಡಿಗೆ ಕೆಂಪು ಗುರುತು ಹಾಕುವುದು. ಕೆಂಪು ಗುರುತು ಬಿದ್ದ ಲಾಟನ್ನು ಆಪರೇಟರ್ ಯಂತ್ರದ ಹೊಂದಾಣಿಕೆ ಬದಲಿಸಿ ಮತ್ತೆ ಹರಿಸಲೇಬೇಕು ಎಂಬ ನಿಯಮ. ಐಟಿಐ ಓದಿದ ಆಪರೇಟರ್‌ಗೆ ಇದು ಅವಮಾನವೆನಿಸಿತು. ಲಾಟು ಹಂಚುವ ಅಧಿಕಾರ ಹೋದದ್ದರಿಂದ ಮೇಸ್ತ್ರಿ ಮುನಿಸಿಕೊಂಡರು. ಈ ಹೆಂಗಸರು ಮನಸ್ಸಿಗೆ ಬಂದಾಗಲೆಲ್ಲ ಯಂತ್ರ ನಿಲ್ಲಿಸಿದರೆ ಗತಿಯೇನು ಎಂಬುದು ಮ್ಯಾನೇಜರರ ಆತಂಕ. ಮಾಲೀಕರು ಒಂದು ಹಂಗಾಮಿಗೆ ಮಾತ್ರ ಎಂಬ ಷರತ್ತಿನ ಮೇಲೆ ಒಪ್ಪಿದರು.

ಅಧಿಕಾರ ಕೊಟ್ಟರೆ ಸಾಲದು, ಅದರ ಹಿಂದಿನ ಅರಿವೂ ಬೇಕು. ಅದಕ್ಕಾಗಿ ಘಟಕದ ಪುಟ್ಟ ಪರೀಕ್ಷಾ ಕೋಣೆಯಲ್ಲಿ ಮಹಿಳೆಯರಿಗೆ ಕಾಫಿ ರುಚಿ ನೋಡುವ ಏರ್ಪಾಡಾಯಿತು. ಹುರಿದು ಪುಡಿ ಮಾಡಿದ ಕಾಫಿಯನ್ನು ಬಟ್ಟಲುಗಳಿಗೆ ಹಾಕಿ, ಬಿಸಿನೀರು ಹೊಯ್ದು, ಮೇಲೆ ಕಟ್ಟಿದ ಪದರವನ್ನು ಚಮಚೆಯಿಂದ ಸರಿಸಿ ಹೀರಿ ನೋಡುವುದು ಈ ಕಸುಬಿನ ವಿಧಾನ. ಹಾಲಿಲ್ಲ, ಸಕ್ಕರೆಯಿಲ್ಲ. ಎಎ ದರ್ಜೆಯ ಬೇಳೆಯನ್ನು ವರ್ಷಗಟ್ಟಲೆ ಕೈಯಾರೆ ಆರಿಸಿದವರಲ್ಲಿ ಅದನ್ನು ಒಮ್ಮೆಯೂ ಕುಡಿದು ನೋಡದವರೇ ಎಲ್ಲರೂ. ಮನೆಯಲ್ಲಿ ಕುಡಿಯುವುದು ಚಿಕೋರಿ ಬೆರೆತ ಪುಡಿಗೆ ಬೆಲ್ಲ ಹಾಕಿದ ಕಾಫಿ. ಮೊದಲ ಗುಟುಕಿಗೆ ಮುಖಗಳು ಕಿವುಚಿದವು, ಒಬ್ಬರು ಸೆರಗಿನಿಂದ ಬಾಯಿ ಒರೆಸಿಕೊಂಡು ಇದಕ್ಕಾ ಇಷ್ಟು ರೇಟು ಎಂದರು. ಪಕ್ಕದ ಬಟ್ಟಲಿನ ಪುಡಿಗೆ ಬೇಕೆಂದೇ ಒಂದೇ ಒಂದು ನಾತದ ಬೇಳೆ ಸೇರಿಸಲಾಗಿತ್ತು. ಅದಕ್ಕೆ ಬಿಸಿನೀರು ಬೀಳುತ್ತಿದ್ದಂತೆ, ಇನ್ನೂ ಚಮಚೆ ಮುಟ್ಟಿಸುವ ಮೊದಲೇ, ನಾಲ್ಕೈದು ಜನ ಒಟ್ಟಿಗೆ ಹಿಂದೆ ಸರಿದರು. ಒಂದು ಬೇಳೆ ಕಣ್ತಪ್ಪಿದರೆ ಏನಾಗುತ್ತದೆ ಎಂಬುದನ್ನು ಅದಕ್ಕಿಂತ ಚೆನ್ನಾಗಿ ಹೇಳಿಕೊಡಲು ಯಾವ ತರಬೇತುದಾರರಿಂದಲೂ ಆಗುತ್ತಿರಲಿಲ್ಲ.

ಕೆಂಪು ಗುರುತಿನ ಸಂಜೆ

ಇಡೀ ವ್ಯವಸ್ಥೆ ನಿಲ್ಲುತ್ತದೋ ಬೀಳುತ್ತದೋ ಎಂಬುದು ತೀರ್ಮಾನವಾದದ್ದು ಹಂಗಾಮಿನ ಎರಡನೆಯ ತಿಂಗಳಲ್ಲಿ. ಬೇಲೂರು, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದು ನವಮಂಗಳೂರು ಬಂದರಿಗೆ ಹೋಗಬೇಕಿದ್ದ ಲಾರಿ ಅಂಗಳದಲ್ಲಿ ನಿಂತಿತ್ತು. ಚೀಲಗಳಿಗೆ ಹೊಲಿಗೆ ಹಾಕುವುದೊಂದೇ ಬಾಕಿ. ಆ ಹೊತ್ತಿಗೆ ಒಂದು ಮೇಜಿನಿಂದ ಕೆಂಪು ಗುರುತಿನ ಕಾರ್ಡು ಬಂತು.

ಮ್ಯಾನೇಜರರ ಮುಂದೆ ಎರಡು ದಾರಿಗಳಿದ್ದವು. ಇದೊಂದು ಸಲ ಬಿಡಿ ಎಂದು ಲಾರಿ ಕಳುಹಿಸುವುದು, ಅಥವಾ ರಾತ್ರಿಯ ಹಾಲ್ಟಿಂಗ್ ಚಾರ್ಜು ಕಟ್ಟಿ ಲಾಟನ್ನು ಮತ್ತೆ ಹರಿಸುವುದು. ಅವರು ಮಾಲೀಕರಿಗೆ ಫೋನ್ ಮಾಡಿದರು. ನಿಯಮ ಮಾಡಿದ್ದು ನಾವೇ ತಾನೇ ಎಂದು ಮಾಲೀಕರು ಹೇಳಿದರು. ಲಾರಿ ನಿಂತಿತು.

ರಾತ್ರಿ ಯಂತ್ರದಲ್ಲಿ ಮತ್ತೆ ಹರಿಸಿ, ಮಾದರಿಗಳನ್ನು ಹೋಲಿಸಿ ನೋಡಿದಾಗ ತಿಳಿದದ್ದು ಇಷ್ಟು. ದೋಷಗಳು ಇದ್ದದ್ದು ನಿಜ, ಆದರೆ ಆ ಒಪ್ಪಂದದಲ್ಲಿ ಕೊಳ್ಳುವವರು ಒಪ್ಪಿದ್ದ ಮಿತಿಯೊಳಗೇ ಇದ್ದವು. ವ್ಯಾಪಾರದ ಲೆಕ್ಕದಲ್ಲಿ ಲಾರಿ ನಿಲ್ಲಿಸುವ ಅಗತ್ಯವಿರಲಿಲ್ಲ. ಆಪರೇಟರ್ ಮತ್ತು ಮೇಸ್ತ್ರಿ ಇಬ್ಬರೂ ಬೆಳಿಗ್ಗೆ ಇದಕ್ಕಾಗಿಯೇ ಕಾದಿದ್ದರು ಎನ್ನಬಹುದು.

ಮಾಲೀಕರು ಆ ಬೆಳಿಗ್ಗೆ ನಡೆದುಕೊಂಡ ರೀತಿಯನ್ನು ಈ ಪ್ರಕರಣದ ಅತ್ಯಂತ ಮುಖ್ಯ ನಿರ್ಧಾರವೆಂದು ನಾನು ಎಣಿಸುತ್ತೇನೆ. ಅವರು ಮೇಜಿನ ಬಳಿಗೆ ಬಂದು ಒಪ್ಪಂದದ ಮಿತಿಯನ್ನು ಎಲ್ಲರಿಗೂ ಓದಿ ಹೇಳಿದರು. ಗುರುತು ಹಾಕಿದ್ದ ಹಿರಿಯರು ಪೆಚ್ಚಾಗಿ, "ಇಷ್ಟಕ್ಕೆ ಒಪ್ತಾರೆ ಅಂತ ನಮ್ಗೆ ಯಾರೂ ಹೇಳಿರ್ಲಿಲ್ವಲ್ಲ ಸಾರ್" ಎಂದರು. ಅದು ನಿಜವಾಗಿತ್ತು. ಅಂದಿನಿಂದ ಕಾರ್ಡಿನಲ್ಲಿ ಇನ್ನೊಂದು ಸಾಲು ಸೇರಿತು: ಈ ಲಾಟಿಗೆ ಎಷ್ಟು ದೋಷದವರೆಗೆ ಒಪ್ಪಿಗೆ. ಅಲ್ಲಿಯವರೆಗೆ ಆಫೀಸಿನ ಕಡತದಲ್ಲಿ ಮಾತ್ರ ಇರುತ್ತಿದ್ದ ಮಾಹಿತಿ ಆರಿಸುವ ಮೇಜಿಗೆ ಬಂತು. ಲಾರಿಯ ಹಾಲ್ಟಿಂಗ್ ಹಣದ ಮಾತನ್ನು ಯಾರೂ ಎತ್ತಲಿಲ್ಲ. ಒಂದೇ ಒಂದು ಗದರಿಕೆಯ ಮಾತು ಆಗ ಬಂದಿದ್ದರೂ ಮುಂದೆ ಯಾವ ಮೇಜಿನಿಂದಲೂ ಕೆಂಪು ಗುರುತು ಬರುತ್ತಿರಲಿಲ್ಲ, ಮತ್ತು ಬಂದದ್ದೆಲ್ಲ ಸರಿಯಿದೆಯೆಂದು ನಾವು ನಂಬಿಕೊಂಡಿರುತ್ತಿದ್ದೆವು.

ಕೆಲವು ವಾರಗಳ ನಂತರ ಇನ್ನೊಂದು ಮೇಜು ಹಾಕಿದ ಗುರುತಿನಿಂದ ಯಂತ್ರದ ಗಾಳಿ ಚಿಮ್ಮುವ ಮೂತಿಗಳಲ್ಲಿ ಕೆಲವು ಧೂಳು ಕಟ್ಟಿ ಮುಚ್ಚಿಹೋಗಿದ್ದು ಪತ್ತೆಯಾಯಿತು. ಆಪರೇಟರ್ ಹುಡುಗ ಅಲ್ಲಿಂದ ಮುಂದೆ ತಾನಾಗಿಯೇ ಮೇಜಿಗೆ ಬಂದು, "ಅಕ್ಕಾ, ಈಗ ಹೆಂಗ್ ಬರ್ತಿದೆ?" ಎಂದು ಕೇಳತೊಡಗಿದ.

ಪರಿಣಾಮ

ಬಟವಾಡೆಯ ಮರುದಿನದ ಗೈರುಹಾಜರಿ ಆ ಹಂಗಾಮಿನ ಕೊನೆಗೆ ಗಣನೀಯವಾಗಿ ತಗ್ಗಿತು. ಸುಗ್ಗಿ ಹಬ್ಬದ ಸಮಯದಲ್ಲಿ ಊರಿಗೆ ಊರೇ ರಜೆ ಹಾಕುತ್ತಿದ್ದ ಜಾಗದಲ್ಲಿ, ಯಾರು ಯಾವ ದಿನ ಹೋಗಬೇಕೆಂಬುದನ್ನು ಮೇಜಿನವರೇ ಮಾತಾಡಿಕೊಂಡು ತಿಳಿಸುವ ಪದ್ಧತಿ ಬಂತು. ಆ ವರ್ಷ ಯಾವ ಲಾಟೂ ವಾಪಸು ಬರಲಿಲ್ಲ. ಇದರ ಶ್ರೇಯಸ್ಸನ್ನು ಪೂರ್ತಿಯಾಗಿ ಹೊಸ ವ್ಯವಸ್ಥೆಗೆ ಕೊಡುವುದು ನ್ಯಾಯವಲ್ಲ. ಕೊಯ್ಲಿನ ಹೊತ್ತಿಗೆ ಮಳೆ ಕಾಟ ಕೊಡದೆ ಬಂದ ಸರಕೇ ಒಣಗಿ ಚೊಕ್ಕವಾಗಿತ್ತು. ಬಿಟ್ಟು ಹೋಗಿದ್ದ ನುರಿತವರಲ್ಲಿ ಕೆಲವರು ಮುಂದಿನ ಹಂಗಾಮಿಗೆ ಮರಳಿದರು. ನನಗೆ ಆ ಮಾತು ಹೇಳಿದ್ದವರು ಮರಳಲಿಲ್ಲ. ಅವರಿಗೆ ಹಾಸನದಲ್ಲಿ ವರ್ಷಪೂರ್ತಿ ಕೆಲಸ ಸಿಕ್ಕಿತ್ತು, ಮಗಳ ಕಾಲೇಜೂ ಅಲ್ಲೇ. ಆರು ತಿಂಗಳು ಮಾತ್ರ ಕೆಲಸ ಕೊಡಬಲ್ಲ ಉದ್ಯಮ ಎಷ್ಟೇ ಗೌರವ ಕೊಟ್ಟರೂ ಹನ್ನೆರಡು ತಿಂಗಳ ಸಂಬಳಕ್ಕೆ ಸಾಟಿಯಾಗದು.

ಕೆಡುಕೂ ಆಯಿತು. ಹಂಗಾಮಿನ ಕೊನೆಯಲ್ಲಿ ಮೇಜುವಾರು ಬೋನಸ್ ಕೊಡಲು ಮ್ಯಾನೇಜರರು ಸೂಚಿಸಿದ್ದರು; ನನಗೂ ಅದು ಸರಿಯೆನಿಸಿತ್ತು. ಸುದ್ದಿ ಹರಡಿದ ವಾರದಲ್ಲೇ ಒಂದು ಮೇಜಿನವರು ತಮ್ಮಲ್ಲಿನ ಅತ್ಯಂತ ಹಿರಿಯ, ನಿಧಾನದ ಕೈಯ ಅಜ್ಜಿಯನ್ನು ಬೇರೆಡೆಗೆ ಹಾಕಿ ಎಂದು ಕೇಳಿದರು. ಚೀಲದ ಲೆಕ್ಕದಲ್ಲಿ ಒಬ್ಬರಿಗೊಬ್ಬರು ಮಾಡಿದ್ದನ್ನು ಈಗ ಮೇಜೇ ಒಟ್ಟಾಗಿ ಒಬ್ಬರಿಗೆ ಮಾಡತೊಡಗಿತ್ತು. ಮೇಜುವಾರು ಬೋನಸ್ಸನ್ನು ಕೈಬಿಟ್ಟು ಎಲ್ಲರಿಗೂ ಸಮನಾಗಿ ಹಂಚಲಾಯಿತು. ಅಜ್ಜಿಯ ಮೂಗು ಚುರುಕಾಗಿತ್ತು. ಅವರು ಮಾದರಿ ತಟ್ಟೆಗಳನ್ನು ನೋಡುವ ಕೆಲಸಕ್ಕೆ ಬಂದರು. ಮೇಸ್ತ್ರಿಯ ವಿಷಯ ಮಾತ್ರ ಸಮಾಧಾನಕರವಾಗಿ ಬಗೆಹರಿಯಲಿಲ್ಲ. ಅವರಿಗೆ ಕಣದ ಉಸ್ತುವಾರಿ ವಹಿಸಲಾಯಿತು, ಸಂಬಳ ಕಡಿಮೆಯಾಗಲಿಲ್ಲ. ಆದರೂ ತಮ್ಮನ್ನು ಮೂಲೆಗೆ ತಳ್ಳಿದರೆಂಬ ಅವರ ನೋವು ಉಳಿದಿದೆ. ಮೊದಲೇ ಅವರನ್ನು ಕೂರಿಸಿಕೊಂಡು ಮಾತಾಡಿ, ಹೊಸ ಪಾತ್ರವನ್ನು ಅವರೇ ರೂಪಿಸಿಕೊಳ್ಳಲು ಬಿಟ್ಟಿದ್ದರೆ ಇದು ತಪ್ಪುತ್ತಿತ್ತೆಂದು ಮ್ಯಾನೇಜರರು ಈಗ ಹೇಳುತ್ತಾರೆ.

ಇತರರು ಗಮನಿಸಬೇಕಾದದ್ದು

ಗೈರುಹಾಜರಿಗೆ ಸಿದ್ಧ ಕಾರಣವೊಂದು ಎಲ್ಲರ ಬಾಯಲ್ಲೂ ಇದ್ದಾಗ, ಯಾರು ಬಿಡುತ್ತಿದ್ದಾರೆ ಮತ್ತು ಯಾವಾಗಿನಿಂದ ಬಿಡುತ್ತಿದ್ದಾರೆ ಎಂಬ ಎರಡು ಸಂಗತಿಗಳನ್ನು ಹಾಜರಿ ಪುಸ್ತಕದಲ್ಲಿ ಹುಡುಕುವುದಕ್ಕೆ ಖರ್ಚೇನೂ ಇಲ್ಲ. ಈ ಘಟಕದಲ್ಲಿ ಆ ಒಂದು ಮಧ್ಯಾಹ್ನದ ಓದು, ಅದರ ಹಿಂದಿನ ಮೂರೂ ದುಬಾರಿ ಪ್ರಯತ್ನಗಳಿಗಿಂತ ಹೆಚ್ಚು ದಾರಿ ತೋರಿತು.

ಹೊಸ ಯಂತ್ರ ತರುವವರು ಅದರಿಂದ ಎಷ್ಟು ಕೈಗಳು ಕಡಿಮೆ ಸಾಕಾಗುತ್ತವೆ ಎಂದು ಲೆಕ್ಕ ಹಾಕುತ್ತಾರೆ. ಉಳಿದ ಕೈಗಳ ಪಾಲಿಗೆ ಯಾವ ನಿರ್ಧಾರ ಬಿಡಲಾಗಿದೆ ಎಂಬ ಲೆಕ್ಕ ಬಹಳ ಕಡೆ ನಡೆಯುವುದೇ ಇಲ್ಲ. ಏನೂ ಬಿಡದಿದ್ದರೆ ನುರಿತವರೇ ಮೊದಲು ಹೋಗುತ್ತಾರೆ, ಏಕೆಂದರೆ ಕಳೆದುಕೊಳ್ಳಲು ಏನಾದರೂ ಇದ್ದವರು ಅವರೇ. ತೀರ್ಮಾನದ ಹಕ್ಕನ್ನು ಮರಳಿ ಕೊಡುವಾಗ ಅದಕ್ಕೆ ಬೇಕಾದ ಮಾಹಿತಿಯನ್ನೂ ಕೊಡಬೇಕು. ಇಲ್ಲದಿದ್ದರೆ ಕೆಂಪು ಗುರುತಿನ ಆ ಸಂಜೆಯಂಥದ್ದು ಎಲ್ಲೆಡೆ ಆಗುತ್ತದೆ, ಮತ್ತು ಎಲ್ಲ ಮಾಲೀಕರೂ ಮಾರನೆಯ ಬೆಳಿಗ್ಗೆ ಅಷ್ಟು ತಾಳ್ಮೆ ತೋರಲಾರರು.

ಈ ಮಾದರಿಯನ್ನು ಹಾಗೆಯೇ ಎತ್ತಿಕೊಂಡು ಹೋಗಲು ಬಾರದ ಕಡೆಗಳಿವೆ. ನಮ್ಮ ಜಿಲ್ಲೆಗಳಲ್ಲಿ ಈಗ ಹಲವು ಘಟಕಗಳು ಮತ್ತು ತೋಟಗಳು ಗುತ್ತಿಗೆದಾರರ ಮೂಲಕ ಜನರನ್ನು ಪಡೆಯುತ್ತಿವೆ. ಇಂದು ಬಂದವರು ನಾಳೆ ಇನ್ನೊಂದು ತೋಟದಲ್ಲಿರುತ್ತಾರೆ. ಅಲ್ಲಿ ಲಾಟಿನ ಕಾರ್ಡು ವಾಪಸು ಬರುವ ಹೊತ್ತಿಗೆ ಅದನ್ನು ಓದಬೇಕಾದವರೇ ಇರುವುದಿಲ್ಲ, ಕೆಲಸ ನಿಲ್ಲಿಸುವ ಹಕ್ಕನ್ನು ಕೊಡಲು ಮಾಲೀಕರು ಒಪ್ಪಿದರೂ ತಲೆಲೆಕ್ಕದಲ್ಲಿ ಹಣ ಪಡೆಯುವ ಗುತ್ತಿಗೆದಾರ ಒಪ್ಪುವುದಿಲ್ಲ. ಅಂಥ ಕಡೆ ಮೇಜು, ಕಾರ್ಡು, ರುಚಿ ಪರೀಕ್ಷೆಗಳಿಗೆ ಕೈಹಾಕುವ ಮೊದಲು ಗುತ್ತಿಗೆಯ ಕರಾರನ್ನೇ ತೆರೆದು, ಕನಿಷ್ಠ ಒಂದು ಹಂಗಾಮಿಗಾದರೂ ಅದೇ ಜನ ಉಳಿಯುವಂತೆ ಮತ್ತು ಕೂಲಿ ಚೀಲದ ಮೇಲೆ ನಿಲ್ಲದಂತೆ ತಿದ್ದಿಕೊಳ್ಳಬೇಕಾಗುತ್ತದೆ.